ಸೀರೆ ಬಾಗಿಲಿಗೆ, ಹರಳು ದೀಪಕ್ಕೆ

ನಾನು ದುಡ್ಡು ಕೊಟ್ಟು ತಂದ ಮೊದಲ ಬಿಡಿ ಹರಳು ಮನೆ ಸೇರುವಷ್ಟರಲ್ಲಿ ಕಪ್ಪಾಗಿತ್ತು.

ಅಂಗಡಿಯಲ್ಲಿ ಅದು ಕೆಂಪಾಗಿತ್ತು. ಪುನರ್ಪುಳಿ ಶರಬತ್ತಿನ ಲೋಟವನ್ನು ಬಿಸಿಲಿಗೆ ಹಿಡಿದರೆ ಕಾಣುತ್ತದಲ್ಲ, ಆ ಕೆಂಪು. ತಿರುಗಿಸಿದಾಗೆಲ್ಲ ಒಳಗಿಂದ ಒಂದು ಕಿಡಿ ಹಾರುತ್ತಿತ್ತು. ಮನೆಗೆ ಬಂದು, ಕೈಕಾಲು ತೊಳೆದು, ಅಡುಗೆಮನೆಯ ಟ್ಯೂಬ್‌ಲೈಟ್ ಕೆಳಗೆ ಪೊಟ್ಟಣ ಬಿಚ್ಚಿದೆ. ಅಂಗೈ ಮೇಲೆ ಒಂದು ಒಣದ್ರಾಕ್ಷಿ ಕೂತಿತ್ತು. ಕಪ್ಪು ಒಣದ್ರಾಕ್ಷಿ. ಮಗಳು ಬಗ್ಗಿ ನೋಡಿದಳು. "ಅಮ್ಮಾ, ಇದು ಯಾವ ಶರ್ಟಿನ ಗುಂಡಿ?" ಅಂದಳು.

3.4 ಕ್ಯಾರೆಟ್ ತೂಕದ ಗಾರ್ನೆಟ್ ಅದು. ಕ್ಯಾರೆಟ್ಟಿಗೆ 800 ರೂಪಾಯಿಯಂತೆ 2,720 ಕೊಟ್ಟಿದ್ದೆ. ಅಂಗಡಿಯ ಹೆಸರು ಬೇಡ. ಅವರು ಸುಳ್ಳು ಹೇಳಿರಲಿಲ್ಲ. ಗಾರ್ನೆಟ್ ಅಂದರು, ಗಾರ್ನೆಟ್ಟೇ ಕೊಟ್ಟರು. ನಾನು ಹತ್ತಿರದ ಛತ್ರದಲ್ಲಿ ಮದುವೆ ಊಟ ಮುಗಿಸಿಕೊಂಡು, ಮರೂನ್ ರೇಷ್ಮೆ ಸೀರೆಯಲ್ಲೇ ಹೋಗಿದ್ದೆ. ತಲೆಯ ಮೇಲೆ ಆರೇಳು ಪುಟ್ಟ ದೀಪಗಳು ಉರಿಯುತ್ತಿದ್ದವು. ಹರಳನ್ನು ನನ್ನ ಎದೆಯ ಮುಂದೆ ಹಿಡಿದು ನೋಡಿದ್ದೆ. ಅದರಲ್ಲಿ ಕಂಡ ಕೆಂಪಿನಲ್ಲಿ ದೀಪದ್ದೆಷ್ಟು, ಸೀರೆಯದೆಷ್ಟು, ಕಲ್ಲಿನದೆಷ್ಟು, ಯಾರಿಗೆ ಗೊತ್ತು?

ಸಿಟ್ಟು ಬಂದಿದ್ದು ನನ್ನ ಮೇಲೆಯೇ. ಯಾಕೆಂದರೆ ನಾನು ಮ್ಯಾಚಿಂಗ್ ಸೆಂಟರ್‌ನಲ್ಲಿ ನೂರೈವತ್ತು ರೂಪಾಯಿಯ ಬ್ಲೌಸ್ ಪೀಸನ್ನೂ ಒಳಗಿನ ದೀಪದಲ್ಲಿ ನೋಡಿ ತಗೊಂಡವಳಲ್ಲ. ನಮ್ಮಮ್ಮ ಕಲಿಸಿದ ಪಾಠ ಅದು. "ಸ್ವಲ್ಪ ಆಚೆ ಬೆಳಕಿಗೆ ತೋರಿಸಪ್ಪಾ" ಅನ್ನುತ್ತಾಳೆ. ಅಂಗಡಿ ಹುಡುಗ ಸೀರೆಯನ್ನು ಮಗುವಿನ ಹಾಗೆ ಎತ್ತಿಕೊಂಡು ಬಾಗಿಲಿಗೆ ಬರುತ್ತಾನೆ. ಒಳಗೆ ಗಿಳಿಹಸಿರು ಅಂದುಕೊಂಡಿದ್ದು ಫುಟ್‌ಪಾತ್ ಮೇಲೆ ಪಾಚಿಹಸಿರಾಗಿರುತ್ತದೆ. ಸೀರೆಗೆ ಬಾಗಿಲು ಬೇಕು ಅಂತ ಗೊತ್ತಿದ್ದವಳಿಗೆ ಹರಳಿಗೆ ಯಾಕೆ ಹೊಳೆಯಲಿಲ್ಲ? ಹರಳಿನ ಅಂಗಡಿಯಲ್ಲಿ ಕೂರಿಸಿ ಜ್ಯೂಸ್ ಕೊಡುತ್ತಾರೆ. ಎದ್ದು ಬಾಗಿಲಿಗೆ ಹೋಗುವುದು ಕಳ್ಳತನದ ಹಾಗೆ ಅನಿಸುತ್ತದೆ. ಅಷ್ಟೇ ಕಾರಣ.

ಇನ್ನೂ ನಾಚಿಕೆಯ ಮಾತೆಂದರೆ, ಬಣ್ಣ ಹೇಗೆ ಮೋಸ ಮಾಡುತ್ತದೆ ಅಂತ ಅದಕ್ಕೆ ಎರಡು ತಿಂಗಳ ಮುಂಚೆಯಷ್ಟೇ ನನಗೊಬ್ಬರು ಬಿಡಿಸಿ ತೋರಿಸಿದ್ದರು.

ಅಜ್ಜಿಯದು ಏಳು ಕಲ್ಲಿನ ಕೆಂಪಿನ ಓಲೆ. "ಬರ್ಮಾ ಕೆಂಪು" ಅಂತ ಮನೆಯಲ್ಲಿ ಹೆಮ್ಮೆ. ಅದರಿಂದ ಒಂದು ಕಲ್ಲು ಉದುರಿತು. ಅಮ್ಮ ಕಸ ಗುಡಿಸುವಾಗ ಸಿಕ್ಕಿದ್ದನ್ನು ಹತ್ತಿಯಲ್ಲಿ ಸುತ್ತಿ ಹಳೇ ಮಾತ್ರೆ ಡಬ್ಬಿಯಲ್ಲಿಟ್ಟಿದ್ದಳು. ಬಿಚ್ಚಿ ನೋಡಿದರೆ ತೊಳೆದೂ ತೊಳೆದೂ ಬಣ್ಣ ಬಿಟ್ಟ ಗುಲಾಬಿ ಬಟ್ಟೆಯ ಹಾಗಿದೆ. ಇದು ಓಲೆಯ ಕಲ್ಲೇ ಅಲ್ಲ, ಯಾವುದೋ ಗಾಜಿನ ಚೂರು ಎತ್ತಿಟ್ಟಿದ್ದೀಯ ಅಂತ ನಾನು. ಅಲ್ಲ, ಅದೇ ಅಂತ ಅಮ್ಮ. ಜಗಳ ಹೊತ್ತುಕೊಂಡು ಮೈಸೂರಿನ ಅಶೋಕ ರಸ್ತೆ ಹತ್ತಿರದ ಆಚಾರ್ರ ಬಳಿ ಹೋದೆವು. ಅಜ್ಜಿಯ ಕಾಲದಿಂದಲೂ ಅವರ ಮನೆಯಲ್ಲೇ ನಮ್ಮ ಕೆಲಸ.

ಆಚಾರ್ರು ಕಲ್ಲನ್ನು ನೋಡಲೇ ಇಲ್ಲ. ಓಲೆ ತಗೊಂಡು ಕಲ್ಲು ಬಿದ್ದ ಗೂಡನ್ನು ನೋಡಿದರು. ಚಿಮಟದ ತುದಿಯಿಂದ ಒಳಗಿಂದ ಏನೋ ಎಬ್ಬಿಸಿದರು. ಈರುಳ್ಳಿ ಸಿಪ್ಪೆಗಿಂತ ತೆಳುವಾದ ಒಂದು ಚೂರು ತಗಡು. ಕೆಂಪು ಬಣ್ಣದ್ದು.

"ನೋಡಮ್ಮ, ನಿಮ್ಮ ಬಣ್ಣ ಇಲ್ಲೇ ಉಳ್ಕೊಂಡಿದೆ" ಅಂದರು.

ನಮ್ಮ ಕಡೆಯ ಹಳೇ ಒಡವೆಯಲ್ಲಿ ಕಲ್ಲಿನ ಹಿಂಬದಿ ಮುಚ್ಚಿರುತ್ತದೆ. ಒಳಗೆ ಅರಗು, ಅದರ ಮೇಲೆ ತಗಡು, ಅದರ ಮೇಲೆ ಕಲ್ಲು. ಕಲ್ಲಿನೊಳಗೆ ಹೋದ ಬೆಳಕು ತಗಡಿಗೆ ತಾಗಿ, ಅದರ ಬಣ್ಣ ಹೊತ್ತು ಹೊರಗೆ ಬರುತ್ತದೆ. ತೆಳು ಕಲ್ಲು ದಟ್ಟವಾಗುತ್ತದೆ. ಏಳು ಬೇರೆ ಬೇರೆ ಕೆಂಪಿನ ಕಲ್ಲುಗಳು ಒಂದೇ ಕೆಂಪಾಗುತ್ತವೆ. ಇದು ಮೋಸ ಅಲ್ಲ, ಕಸುಬು. ಅಜ್ಜಿ "ಓಲೆಗೆ ನೀರು ತಾಗಿಸ್ಬೇಡ್ವೇ" ಅಂತ ಬೈಯುತ್ತಿದ್ದದ್ದು ಯಾಕೆ ಅಂತ ಅವತ್ತು ಅರ್ಥವಾಯಿತು. ನೀರು ಹಿಂದಕ್ಕೆ ಇಳಿದರೆ ತಗಡು ಕಪ್ಪಾಗುತ್ತದೆ. ತಗಡು ಕಪ್ಪಾದರೆ ಕಲ್ಲು ಸತ್ತ ಹಾಗೆ.

ಒಂದನ್ನು ಕೂರಿಸುವುದಕ್ಕೆ ಎಲ್ಲವನ್ನೂ ಬಿಚ್ಚಿ ತಗಡು ಬದಲಿಸುವುದು ಒಳ್ಳೆಯದು ಅಂದರು. ಒಪ್ಪಿದೆವು. ಮರುವಾರ ಹೋದಾಗ ಕಿಟಕಿಯ ಪಕ್ಕ, ಬಿಳಿ ಕಾಗದದ ಮೇಲೆ ಏಳೂ ಕಲ್ಲು ಸಾಲಾಗಿ ಇದ್ದವು. ಆರು ಮಂಕು ಗುಲಾಬಿ, ಒಂದೊಂದೂ ಒಂದೊಂದು ಥರ. ಏಳನೆಯದು ಮಾತ್ರ ಕಡುಕೆಂಪು. ಒಳಗೆ ಒಂದು ಕಲೆ ಇಲ್ಲ, ಮಬ್ಬಿಲ್ಲ.

"ಇದು ಎಲ್ಲಕ್ಕಿಂತ ಚೆನ್ನಾಗಿದೆ ಅಲ್ವಾ?" ಅಂದರು ಆಚಾರ್ರು.

"ಹೌದು ಆಚಾರ್ರೇ."

"ಇದೊಂದೇ ಮಷೀನ್ ಕಲ್ಲು."

ಯಾವಾಗಲೋ ಒಂದು ಕಲ್ಲು ಕಳೆದು, ತಾತ ಬೇರೆ ಹಾಕಿಸಿದ್ದರಂತೆ. ಅಮ್ಮನಿಗೆ ನೆನಪಿತ್ತು. ಆಮೇಲೆ ಕುತೂಹಲಕ್ಕೆ ಏಳನ್ನೂ ಲ್ಯಾಬಿಗೆ ಕೊಟ್ಟೆ. ಆಚಾರ್ರು ಬರಿಗಣ್ಣಲ್ಲಿ ಹೇಳಿದ್ದನ್ನೇ ಅವರು ಪ್ರಿಂಟ್ ಹಾಕಿ ಕೊಟ್ಟರು. ಆರು ನೆಲದಲ್ಲಿ ಹುಟ್ಟಿದ ಮಾಣಿಕ್ಯ, ಒಂದು ಒಲೆಯಲ್ಲಿ ಹುಟ್ಟಿದ್ದು. ಎರಡೂ ವಸ್ತು ಒಂದೇ. ಅಲ್ಯೂಮಿನಿಯಂ ಆಕ್ಸೈಡ್, ಅದರಲ್ಲಿ ಚೂರೇ ಚೂರು ಕ್ರೋಮಿಯಂ. ಫ್ರಾನ್ಸಿನ ವೆರ್ನೋಯ್ ಎಂಬಾತ 1902ರಲ್ಲೇ ಮಾಣಿಕ್ಯ ಮಾಡುವ ವಿಧಾನ ಪ್ರಕಟಿಸಿದ್ದ. ಪುಡಿಯನ್ನು ಉರಿಯ ಮೂಲಕ ಉದುರಿಸುತ್ತಾರೆ. ಅದು ಕರಗಿ, ಕೆಳಗೆ ಮೇಣದಬತ್ತಿಯ ಆಕಾರದಲ್ಲಿ ಪದರ ಪದರವಾಗಿ ಬೆಳೆಯುತ್ತದೆ. ಆ ಪದರದ ಗೆರೆಗಳು ಬಾಗಿರುತ್ತವೆ. ನೆಲದ ಕಲ್ಲಿನೊಳಗೆ ಬೆಳವಣಿಗೆಯ ಗೆರೆ ಬಾಗುವುದಿಲ್ಲ, ನೇರವಾಗಿರುತ್ತದೆ. ಲೂಪ್ (ಹರಳಿನವರ ಪುಟ್ಟ ಭೂತಗನ್ನಡಿ) ಹಿಡಿದು ಆ ಬಾಗಿದ ಗೆರೆ ಹುಡುಕುವುದು ಅಭ್ಯಾಸವಿಲ್ಲದ ಕಣ್ಣಿಗೆ ಕಷ್ಟ. ನನಗಂತೂ ಕಾಣಲಿಲ್ಲ.

ಅಂದಹಾಗೆ, ಮಾಣಿಕ್ಯ ಮತ್ತು ನೀಲ ಎರಡೂ ಒಂದೇ ಜಾತಿ. ಇಂಗ್ಲಿಷಿನವರು ಕೊರಂಡಮ್ ಅನ್ನುತ್ತಾರೆ. ಆ ಹೆಸರು ಇಲ್ಲಿಂದಲೇ ಹೋದದ್ದು, ತಮಿಳಿನ ಕುರುಂದದಿಂದ. ನಮ್ಮ ಮೈಸೂರು ಸೀಮೆಯ ನೆಲದಲ್ಲೂ ಅದು ಸಿಗುತ್ತದೆ. ಬಹುಪಾಲು ಮಬ್ಬು ಕಲ್ಲು. ಉಂಗುರಕ್ಕಿಂತ ಸಾಣೆಗೇ ಲಾಯಕ್ಕು.

ಇಷ್ಟೆಲ್ಲ ನೋಡಿದ ಮೇಲೆ ನನಗೂ ಒಂದು ಹರಳು ಬೇಕು ಅನಿಸಿತು. ತಗಡಿಲ್ಲದೆ, ತನ್ನ ಬಣ್ಣದಲ್ಲೇ ನಿಲ್ಲುವ ಹರಳು. ಹಾಗೆ ಅಂದುಕೊಂಡು ಹೋಗಿ ತಂದಿದ್ದೇ ಆ ಒಣದ್ರಾಕ್ಷಿ. ನಗಬೇಡಿ.

ಅದು ಯಾಕೆ ಕಪ್ಪಾಯಿತು ಅಂತ ತಿಳಿಯಲು ಹೊರಟೆ. ಉತ್ತರ ಅಡುಗೆಮನೆಯಲ್ಲೇ ಇತ್ತು. ಫಿಲ್ಟರ್‌ನಿಂದ ಇಳಿದ ಡಿಕಾಕ್ಷನ್ ಲೋಟದಲ್ಲಿ ಕಪ್ಪು. ಅದೇ ಡಿಕಾಕ್ಷನ್ನಿನ ನಾಲ್ಕು ಹನಿ ಬಿಳಿ ತಟ್ಟೆಯ ಮೇಲೆ ಚೆಲ್ಲಿದರೆ ಕೆಂಪು ಮಿಶ್ರಿತ ಕಂದು. ಬಣ್ಣ ಬದಲಾಗಲಿಲ್ಲ, ದಪ್ಪ ಬದಲಾಯಿತು. ಬೆಳಕು ಹರಳಿನೊಳಗೆ ಹೆಚ್ಚು ದೂರ ನಡೆದಷ್ಟೂ ಹರಳು ಅದನ್ನು ಹೆಚ್ಚು ಹೀರಿಕೊಳ್ಳುತ್ತದೆ. ದೂರ ಹೆಚ್ಚಾದರೆ ಹೊರಗೆ ಬರುವುದಕ್ಕೆ ಏನೂ ಉಳಿಯುವುದಿಲ್ಲ. ಗಾರ್ನೆಟ್‌ಗೆ ಈ ಕಾಯಿಲೆ ಜಾಸ್ತಿ. ಒಂದು ಕ್ಯಾರೆಟ್ಟಿನಲ್ಲಿ ದಾಳಿಂಬೆ ಬೀಜದ ಹಾಗೆ ಹೊಳೆಯುವ ಕಲ್ಲೇ ಮೂರು ಕ್ಯಾರೆಟ್ಟಿಗೆ ಬಂದರೆ ಕತ್ತಲೆ. (ಗಾರ್ನೆಟ್ ಅನ್ನುವ ಹೆಸರು ಬಂದದ್ದೇ ದಾಳಿಂಬೆಯಿಂದ.) ಹಿಂದಿನ ಕಾಲದವರಿಗೆ ಇದು ಗೊತ್ತಿತ್ತು. ಮೇಲೆ ಗುಂಡಗೆ ಉಬ್ಬಿದ ಗಾರ್ನೆಟ್ಟಿನ ತಳವನ್ನು ಬಟ್ಟಲಿನ ಹಾಗೆ ಕೊರೆದು ತೆಳು ಮಾಡುತ್ತಿದ್ದರು. ನಾನು ದೊಡ್ಡದಿದೆ, ಕ್ಯಾರೆಟ್ ರೇಟೂ ಕಮ್ಮಿ ಅಂತ ಖುಷಿಯಲ್ಲಿ ತಂದಿದ್ದೆ. ಕಮ್ಮಿ ಇದ್ದದ್ದು ಅದಕ್ಕೇ.

ಮತ್ತೆ ಆ ಕಿಡಿ? ಅದು ದೀಪದ್ದು. ಪುಟ್ಟ ಪುಟ್ಟ ಚೂಪು ದೀಪಗಳು ಹರಳಿನ ಒಂದೊಂದು ಮುಖದಲ್ಲೂ ಒಂದೊಂದು ಚುಕ್ಕೆಯಾಗಿ ಕಾಣುತ್ತವೆ. ಟ್ಯೂಬ್‌ಲೈಟ್ ಬೆಳಕು ಎಲ್ಲ ಕಡೆ ಹರಡಿಕೊಂಡಿರುತ್ತದೆ, ಅದಕ್ಕೆ ಚುಕ್ಕೆ ಇಲ್ಲ. ಜೊತೆಗೆ ಹಳದಿ ದೀಪ ಕೆಂಪು ಕಲ್ಲಿಗೆ ತಾಯಿಯ ಹಾಗೆ. ಎಂಥದ್ದನ್ನೂ ಚಂದ ಮಾಡುತ್ತದೆ. ನೀಲಕ್ಕೆ ಅದೇ ದೀಪ ಮಲತಾಯಿ. ಹಗಲಲ್ಲಿ ಶಂಖಪುಷ್ಪದ ಹಾಗಿದ್ದ ನೀಲ ಸಂಜೆ ಹಳದಿ ಬಲ್ಬಿನ ಕೆಳಗೆ ಶಾಯಿಯಾಗಬಹುದು. ಹಾಗಾಗಿ ಬೆಳಗಿನ ಹೊತ್ತು, ನೇರ ಬಿಸಿಲು ಬೀಳದ ಕಿಟಕಿ, ಸಾಧ್ಯವಾದರೆ ಉತ್ತರದ ಕಡೆಯದು. ಆಮೇಲೆ ಅದೇ ಹರಳನ್ನು ದೀಪದಲ್ಲೂ ನೋಡಬೇಕು. ಎರಡು ಕಡೆಯೂ ಬದುಕುವ ಕಲ್ಲು ಸಿಕ್ಕರೆ ನಿಮ್ಮ ಪುಣ್ಯ.

ಬಣ್ಣದ ಬಗ್ಗೆ ವ್ಯಾಪಾರದವರ ಮಾತು ಕೇಳುವುದಕ್ಕೆ ಮಜವಾಗಿರುತ್ತದೆ. ಒಳ್ಳೆಯ ಮಾಣಿಕ್ಯಕ್ಕೆ ಪಾರಿವಾಳದ ರಕ್ತ ಅನ್ನುತ್ತಾರೆ. ಪಾರಿವಾಳದ ರಕ್ತ ನೋಡಿದವರು ನಮ್ಮ ಬೀದಿಯಲ್ಲಿ ಯಾರಿದ್ದಾರೆ? ನೀಲಕ್ಕೆ ಕಾರ್ನ್‌ಫ್ಲವರ್ ಅನ್ನುತ್ತಾರೆ. ಆ ಹೂವನ್ನು ನಾನು ಫೋಟೋದಲ್ಲಿ ಮಾತ್ರ ಕಂಡಿದ್ದೇನೆ. ಪದ್ಮರಾಗದ ಕಥೆ ಇನ್ನೂ ವಿಚಿತ್ರ. ನಮಗೆ ಪದ್ಮರಾಗ ಅಂದರೆ ಮಾಣಿಕ್ಯ. ಅದೇ ಮಾತು ಸಿಂಹಳದಲ್ಲಿ ಉಚ್ಚಾರ ಬದಲಿಸಿಕೊಂಡು, ಯುರೋಪಿನ ಬಾಯಲ್ಲಿ ಪದ್‌ಪರದ್ಶಾ ಆಗಿದೆ. ಈಗ ಅದು ಗುಲಾಬಿ-ಕಿತ್ತಳೆ ಬಣ್ಣದ ಬೇರೆಯೇ ಹರಳಿನ ಹೆಸರು. ಕೊಳ್ಳುವವರಿಗೆ ಈ ಹೆಸರುಗಳಿಂದ ಹೆಚ್ಚು ಉಪಯೋಗವಿಲ್ಲ. ಹೆಸರು ಕೇಳಿದ ಕೂಡಲೇ ಕಣ್ಣು ನೋಡುವುದನ್ನು ನಿಲ್ಲಿಸುತ್ತದೆ.

ನಾನು ನನಗೇ ಬೇರೆ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದು ಯಾವ ಬಣ್ಣ, ಅದರೊಳಗೆ ಇನ್ಯಾವ ಬಣ್ಣ ಇಣುಕುತ್ತಿದೆ? ಕೆಂಪಲ್ಲಿ ನೇರಳೆಯೋ ಕಂದೋ? ಎಷ್ಟು ದಟ್ಟ? ಕೊನೆಯದು ಮುಖ್ಯ. ಕಳೆ ಇದೆಯಾ? ಕಳೆ ಅನ್ನುವ ಮಾತು ನಮ್ಮಲ್ಲಿ ಮುಖಕ್ಕೂ ಮನೆಗೂ ಹೇಳುತ್ತೇವೆ. ಹರಳಿಗೆ ಅದಕ್ಕಿಂತ ಸರಿಯಾದ ಮಾತು ನನಗೆ ಸಿಕ್ಕಿಲ್ಲ. ಎರಡು ಕಲ್ಲು ಒಂದೇ ಕೆಂಪು, ಒಂದೇ ದಟ್ಟ ಇರಬಹುದು. ಒಂದಕ್ಕೆ ಬೂದಿ ಬಳಿದ ಹಾಗೆ, ಕಂದು ಹೊದೆಸಿದ ಹಾಗೆ ಇರುತ್ತದೆ. ಇನ್ನೊಂದು ಈಗ ತಾನೇ ಎಣ್ಣೆ ಸ್ನಾನ ಮಾಡಿ ಬಂದ ಮಗುವಿನ ಮುಖ. ಬೆಲೆ ಏರುವುದು ಅಲ್ಲಿ.

ಬ್ಯಾಂಕಿನ ಟ್ರೈನಿಂಗ್ ಅಂತ ನಾಲ್ಕು ದಿನ ಜೈಪುರಕ್ಕೆ ಹಾಕಿದರು. ಸಂಜೆಗಳು ಖಾಲಿ ಇದ್ದವು, ಆದರೆ ಈ ಸಲ ಸಂಜೆ ಹೋಗುವ ತಪ್ಪು ಮಾಡಲಿಲ್ಲ. ಕೊನೆಯ ದಿನ ಅರ್ಧ ರಜೆ ಹಾಕಿ, ಬೆಳಗ್ಗೆ ಹತ್ತೂವರೆಗೆ ಜೌಹರಿ ಬಜಾರಿನಲ್ಲಿದ್ದೆ. ಬೂದು ಬಣ್ಣದ ಕುರ್ತಾ ಹಾಕಿಕೊಂಡು.

1727ರಲ್ಲಿ ಸವಾಯಿ ಜಯಸಿಂಗ್ ಕಟ್ಟಿಸಿದ ಊರು ಅದು. ಜೌಹರಿ ಬಜಾರಿನಿಂದ ಒಳಗೆ ಹೋಗುವ ಓಣಿಗಳಲ್ಲಿ ಗೋಪಾಲ್‌ಜೀ ಕಾ ರಾಸ್ತಾ ಅಂತ ಒಂದಿದೆ. ಅಲ್ಲಿ ಹರಳಿನವರು ಮೈಗೆ ಮೈ ತಾಗುವಷ್ಟು ಒತ್ತಾಗಿದ್ದಾರೆ. ಜಾಂಬಿಯಾದಲ್ಲಿ ಅಗೆದ ಪಚ್ಚೆ ಸಾಣೆಗೆ ಈ ಊರಿಗೆ ಬರುತ್ತದೆ. ದಲ್ಲಾಳಿಗಳು ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ರೇಟು ಹೇಳುವ ಪದ್ಧತಿ ಇಲ್ಲಿತ್ತು ಅಂತ ಕೇಳಿದ್ದೆ. ನಮ್ಮ ದನದ ಜಾತ್ರೆಯಲ್ಲಿ ಟವೆಲ್ ಕೆಳಗೆ ನಡೆಯುವ ವ್ಯಾಪಾರವೇ, ಎತ್ತಿನ ಬದಲು ಹರಳು. ನನಗೆ ಅದು ನೋಡಲು ಸಿಗಲಿಲ್ಲ. ಕ್ಯಾಲ್ಕುಲೇಟರ್ ತಿರುಗಿಸಿ ತೋರಿಸುವುದು ಮಾತ್ರ ಕಂಡೆ.

ಮಹಡಿಯ ಮೇಲೊಂದು ಕೋಣೆ. ನೆಲಕ್ಕೆ ಬಿಳಿ ಗಾದಿ. ಅರವತ್ತು ದಾಟಿದ ವ್ಯಾಪಾರಿ. ನನ್ನ ಬ್ಯಾಂಕ್ ಹಿಂದಿಯಲ್ಲಿ ಗಾರ್ನೆಟ್ ಬೇಕು, ಉಂಗುರಕ್ಕೆ, ಒಂದೇ ಒಂದು ಅಂದೆ. ಆತ ಮೊದಲು ಕೇಳಿದ್ದು ರಾಶಿ. ಬೆಂಗಳೂರಿನಲ್ಲೂ ಅದನ್ನೇ ಕೇಳಿದ್ದರು. ನವರತ್ನದ ಗೋಮೇಧಿಕ ಕೂಡ ಗಾರ್ನೆಟ್ ಜಾತಿಯದೇ. ಹಾಗಾಗಿ ಗಾರ್ನೆಟ್ ಅಂದವರಿಗೆ ರಾಹು ದೋಷ ಇರಲೇಬೇಕು ಅನ್ನುವ ಲೆಕ್ಕ. ಬರೀ ಬಣ್ಣಕ್ಕೆ ಅಂತ ಹೇಳಿದೆ. ಆತನ ಮುಖ ಸ್ವಲ್ಪ ಅರಳಿತು ಅಂತ ನನ್ನ ಅನಿಸಿಕೆ. ಮಡಚಿದ ಕಾಗದದ ಪೊಟ್ಟಣ ತೆಗೆದು ಮೂವತ್ತರಷ್ಟು ಹರಳು ಸುರಿದ. ರೋಡೋಲೈಟ್, ಗಾರ್ನೆಟ್ಟಿನಲ್ಲಿ ಗುಲಾಬಿ-ನೇರಳೆ ಕೆಂಪಿನ ಬಗೆ. ಕೆಲವು ಒಡಿಶಾದವು, ಕೆಲವು ತಾಂಜಾನಿಯಾದವು ಅಂದ.

ನಾನು ಎರಡು ಹಿಡಿದುಕೊಂಡು ಎದ್ದು ಬೀದಿ ಕಡೆಯ ಕಿಟಕಿಗೆ ಹೋದೆ. ಕಲಿತ ಪಾಠ! ಆತ ನಕ್ಕ. "ಬೆಹೆನ್‌ಜೀ, ಅಲ್ಲಿ ಬೇಡ, ಎದುರು ಗೋಡೆ ನೋಡಿ" ಅಂದ. ಎದುರಿನ ಗೋಡೆ ಗುಲಾಬಿ. ಇಡೀ ಬಜಾರೇ ಗುಲಾಬಿ. ಬಿಸಿಲು ಆ ಗೋಡೆಗೆ ಬಡಿದು ನನ್ನ ಕೈ ಮೇಲೆ ಬೀಳುತ್ತಿತ್ತು. ಆತ ಹಿಂದಿನ ಅಂಗಳದ ಕಡೆಯ ಕಿಟಕಿ ತೋರಿಸಿದ. ಅಲ್ಲಿ ಆಕಾಶ ಬಿಟ್ಟರೆ ಬೇರೇನೂ ಇರಲಿಲ್ಲ. ಗುಲಾಬಿ ಕಿಟಕಿಯಲ್ಲಿ ಜೋಡಿ ಅನಿಸಿದ ಎರಡು ಹರಳು ಅಂಗಳದ ಕಿಟಕಿಯಲ್ಲಿ ಅಕ್ಕತಂಗಿಯರೂ ಆಗಿರಲಿಲ್ಲ. ಒಂದರಲ್ಲಿ ಇಟ್ಟಿಗೆ ಕಂದು ಇತ್ತು.

ಹಂಪಿಯ ಬೀದಿಯಲ್ಲಿ ಮುತ್ತು ರತ್ನ ಬಳ್ಳದಲ್ಲಿ ಅಳೆದು ಮಾರುತ್ತಿದ್ದರು ಅಂತ ಶಾಲೆಯಲ್ಲಿ ಓದಿದ್ದೇವಲ್ಲ. ಬಳ್ಳದ ಮಾತು ಹಾಗಿರಲಿ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ವಿಜಯನಗರದ ಪೇಟೆಯಲ್ಲಿ ಮಾಣಿಕ್ಯ, ವಜ್ರ, ಪಚ್ಚೆ, ಮುತ್ತು ಮಾರುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಆ ಗಿರಾಕಿಗಳ ಮೇಲೆ ನನಗೆ ಹೊಟ್ಟೆಕಿಚ್ಚು. ಮೇಲೆ ಬಯಲುಸೀಮೆಯ ಆಕಾಶ, ಸುತ್ತ ಬೂದು ಬಂಡೆ. ಬಣ್ಣ ನೋಡುವುದಕ್ಕೆ ಅದಕ್ಕಿಂತ ಒಳ್ಳೆಯ ಅಂಗಡಿ ಉಂಟೇ?

ಮೂವತ್ತರಲ್ಲಿ ಎಂಟು ಆರಿಸಿ, ಬಿಳಿ ಕಾಗದದ ಮೇಲೆ ತೆಳುವಿನಿಂದ ದಟ್ಟಕ್ಕೆ ಸಾಲಾಗಿ ಜೋಡಿಸಿದೆ. ಒಂದೇ ಹರಳನ್ನು ನೋಡುತ್ತಾ ಕೂತರೆ ಏನೂ ತಿಳಿಯುವುದಿಲ್ಲ. ಪಕ್ಕದಲ್ಲಿ ಇನ್ನೊಂದು ಇರಬೇಕು. ಬಣ್ಣವನ್ನು ನೆನಪಿಟ್ಟುಕೊಳ್ಳುವುದರಲ್ಲಿ ನಾವು ಮಹಾ ದಡ್ಡರು. ಹತ್ತು ನಿಮಿಷದಲ್ಲಿ ಕೆಂಪು ನೋಡಿ ನೋಡಿ ಕಣ್ಣು ಮಂಕಾಯಿತು. ಎಲ್ಲವೂ ಒಂದೇ ಅನಿಸತೊಡಗಿತು. ಸರಿಯಾಗಿ ಆಗ ಚಹಾ ಬಂತು. ಆತ ಹರಳಿನ ಮೇಲೆ ಒಂದು ಬಿಳಿ ಕಾಗದ ಮುಚ್ಚಿ, ಆ ಕಡೆ ನೋಡಿ ಕುಡಿಯಿರಿ ಅಂದ. ಚಹಾ ಮುಗಿಸಿ ಕಾಗದ ತೆಗೆದಾಗ ಎಂಟೂ ಬೇರೆ ಬೇರೆಯಾಗಿ ಕಂಡವು.

ಆಮೇಲೆ ಪತ್ರಿಕೆಯ ಪರೀಕ್ಷೆ. ಇದೊಂದನ್ನು ಯಾರಾದರೂ ಮಾಡಬಹುದು. ಆತನ ಹಿಂದಿ ಪೇಪರಿನ ಮೇಲೆ ಹರಳುಗಳನ್ನು ಮುಖ ಮೇಲಾಗಿ ಇಟ್ಟೆ. 2.6 ಕ್ಯಾರೆಟ್ಟಿನ ಒಂದು ಹರಳು, ಬಣ್ಣ ತುಂಬಾ ಚೆನ್ನಾಗಿತ್ತು, ಅದರ ನಟ್ಟನಡುವೆ ಹಿಂದಿ ಅಕ್ಷರದ ತಲೆಗೆರೆ ಸ್ಪಷ್ಟವಾಗಿ ಕಂಡಿತು. ಅಂದರೆ ಆ ಜಾಗದಲ್ಲಿ ಬೆಳಕು ಒಳಗೆ ಹೋಗಿ, ತಳದಿಂದ ಸೋರಿ ಹೋಗುತ್ತಿದೆ. ವಾಪಸ್ ಬರುತ್ತಿಲ್ಲ. ಇದಕ್ಕೆ ವ್ಯಾಪಾರದಲ್ಲಿ ವಿಂಡೋ ಅನ್ನುತ್ತಾರೆ. ಹರಳಿನ ತಳದ ಮುಖಗಳು ಎಷ್ಟು ಓರೆ ಇರಬೇಕು ಅನ್ನುವುದಕ್ಕೆ ಲೆಕ್ಕ ಇದೆ. ಈ ಗಾರ್ನೆಟ್ಟಿನಲ್ಲಿ ಬೆಳಕು ಸುಮಾರು 35 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಗೋಡೆಗೆ ಬಡಿದರೆ ಕನ್ನಡಿಗೆ ಬಡಿದ ಹಾಗೆ ಪೂರ್ತಿ ಹಿಂದಿರುಗುತ್ತದೆ. ನೇರಳೆ ಬಣ್ಣದ ಅಮೆಥಿಸ್ಟ್‌ಗೆ ಅದು 40 ಡಿಗ್ರಿ. ತಳ ಚಪ್ಪಟೆಯಾದರೆ ಸೋರಿಕೆ, ತೂಕ ಉಳಿಸುವ ಆಸೆಗೆ ಹೊಟ್ಟೆ ದಪ್ಪ ಬಿಟ್ಟರೆ ಕತ್ತಲು. ಬಣ್ಣ ಕಲ್ಲಿನ ಹುಟ್ಟು. ಕಳೆಯಲ್ಲಿ ಅರ್ಧ ಪಾಲು ಸಾಣೆ ಹಿಡಿದವನ ಕೈ. ಅಜ್ಜಿಯ ಓಲೆಯಲ್ಲಿ ತಗಡು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಆ ಓರೆ ಮಾಡಬೇಕು. ಓರೆ ಮಾಡಿ ಹಿಡಿದರೆ ಬಹುಪಾಲು ಬಣ್ಣದ ಹರಳುಗಳಲ್ಲಿ ಅಕ್ಷರ ಕಾಣುತ್ತದೆ, ಅದಕ್ಕೆ ಗಾಬರಿಯಾಗಬೇಡಿ. ನೆಟ್ಟಗೆ ಇಟ್ಟಾಗ ಕಾಣಬಾರದು.

ಲೂಪ್‌ನಲ್ಲಿ ನೋಡಿದ್ದು ಕೊನೆಗೆ, ಅದೂ ಸ್ವಲ್ಪ ಹೊತ್ತು. ಹತ್ತು ಪಟ್ಟು ದೊಡ್ಡದಾಗಿ ಕಂಡರೆ ಎಲ್ಲರ ಮುಖದಲ್ಲೂ ಮೊಡವೆ ಇರುತ್ತದೆ. ಪಚ್ಚೆಯಲ್ಲಿ ಒಳಗೆ ಗಿಡಗಂಟಿ ಇರುವುದು ಮಾಮೂಲು, ತಿಳಿನೀಲಿಯ ಅಕ್ವಾಮರೀನ್ ಮಾತ್ರ ನೀರಿನ ಹಾಗಿರಬೇಕು. ಗಾರ್ನೆಟ್ ಇವೆರಡರ ನಡುವೆ. ನನಗಿಷ್ಟವಾದ 1.92 ಕ್ಯಾರೆಟ್ಟಿನ ಹರಳಲ್ಲಿ ಅಂಚಿನ ಹತ್ತಿರ ಎರಡು ಸೂಜಿಯಂಥ ಗೆರೆ ಇದ್ದವು. ಬರಿಗಣ್ಣಿಗೆ ಕಾಣದು. ಮೇಲ್ಮೈವರೆಗೆ ಬಂದ ಬಿರುಕು ಇಲ್ಲ, ಅಷ್ಟು ಸಾಕು. ಆ ಮಷೀನ್ ಕಲ್ಲು ನೋಡಿದ ಮೇಲೆ ಅತಿ ಶುಭ್ರ ಕಂಡರೆ ನನಗೆ ಈಗ ಖುಷಿಗಿಂತ ಅನುಮಾನ ಮೊದಲು ಬರುತ್ತದೆ.

2.6ಕ್ಕೂ 1.92ಕ್ಕೂ ನಡುವೆ ಹತ್ತು ನಿಮಿಷ ಒದ್ದಾಡಿದೆ. ದೊಡ್ಡದು ಬೇಕು ಅನ್ನುವ ಆಸೆ ಅಷ್ಟು ಸುಲಭಕ್ಕೆ ಸಾಯುವುದಿಲ್ಲ. ಚಿಕ್ಕದನ್ನೇ ತಗೊಂಡೆ. ಕ್ಯಾರೆಟ್ಟಿಗೆ 2,200ರಂತೆ 4,224 ಆಯಿತು. ಆತ 24 ಬಿಟ್ಟ.

ತೂಕದ ವಿಷಯ ಬಂತಲ್ಲ, ಒಂದು ಮಾತು. ಕ್ಯಾರೆಟ್ ಅಂದರೆ 200 ಮಿಲಿಗ್ರಾಂ, ಎಲ್ಲ ಕಡೆ ಒಂದೇ. ರತ್ತಿ ಹಾಗಲ್ಲ. ರತ್ತಿ ಅಂದರೆ ನಮ್ಮ ಗುಲಗಂಜಿ. ಗುಲಗಂಜಿ ಒಂದೊಂದು ಕಾಯಲ್ಲಿ ಒಂದೊಂದು ತೂಕ ಇದ್ದ ಹಾಗೆ, ರತ್ತಿಯೂ ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ. ರಾಶಿ ಹರಳಿನವರು ಹೆಚ್ಚಾಗಿ 182 ಮಿಲಿಗ್ರಾಂ ಲೆಕ್ಕ ಹಿಡಿಯುತ್ತಾರೆ, ಚಿನ್ನದವರ ರತ್ತಿ ಅದಕ್ಕಿಂತ ಕಮ್ಮಿ. ಹೀಗಾಗಿ ನನ್ನ 3.4 ಕ್ಯಾರೆಟ್ಟಿನ ಕಪ್ಪುಗುಂಡಿಯನ್ನೇ ಮೂರೂಮುಕ್ಕಾಲು ರತ್ತಿ ಅಂತ ಹೇಳಬಹುದು, ಕೇಳುವುದಕ್ಕೆ ದೊಡ್ಡದು. ಗ್ರಾಂ ಅಥವಾ ಕ್ಯಾರೆಟ್‌ನಲ್ಲೇ ಬರೆಸಿಕೊಳ್ಳಿ. ಇನ್ನೊಂದು, ಪಚ್ಚೆ ಹಗುರ, ಮಾಣಿಕ್ಯ ಭಾರ. ಒಂದು ಕ್ಯಾರೆಟ್ ಪಚ್ಚೆ ಒಂದು ಕ್ಯಾರೆಟ್ ಮಾಣಿಕ್ಯಕ್ಕಿಂತ ಕಣ್ಣಿಗೆ ದೊಡ್ಡದು. ಇದರಲ್ಲಿ ಯಾರ ಮೋಸವೂ ಇಲ್ಲ.

ಗೆಳತಿಯರು ಕೇಳುತ್ತಾರೆ, ಮೊದಲ ಹರಳಿಗೆ ಮಾಣಿಕ್ಯವನ್ನೇ ಯಾಕೆ ತಗೋಬಾರದು ಅಂತ. ನನ್ನ ಅಭಿಪ್ರಾಯ ಕೇಳಿದರೆ, ಬೇಡ. ಮಾಣಿಕ್ಯ, ನೀಲ ಬಹುಪಾಲು ಬಣ್ಣ ಚೆನ್ನಾಗಲಿ ಅಂತ ಕಾಯಿಸಿದವು. ಅದನ್ನು ಹೇಳಿ ಮಾರಿದರೆ ತಪ್ಪಿಲ್ಲ. ಆದರೆ ಬಿರುಕುಗಳಿಗೆ ಸೀಸದ ಗಾಜು ತುಂಬಿದ ಮಾಣಿಕ್ಯ ಅಂತ ಒಂದಿದೆ, ನೋಡಲು ಬಲು ಸೊಗಸು, ರೇಟೂ ಕೈಗೆಟುಕುತ್ತದೆ. ನಿಂಬೆರಸ ತಾಗಿದರೆ ಆ ಗಾಜು ಕೊರೆದುಹೋಗುತ್ತದೆ. ದಿನಾ ಚಿತ್ರಾನ್ನಕ್ಕೆ ನಿಂಬೆಹಣ್ಣು ಹಿಂಡುವ ಕೈಗೆ ಅದು ಸರಿಯಾ? ಪಚ್ಚೆಗೆ ಬಿರುಕು ಕಾಣದಿರಲಿ ಅಂತ ಎಣ್ಣೆ ಕುಡಿಸಿರುತ್ತಾರೆ. ಬೆಸುಗೆಯ ಉರಿ ಅದಕ್ಕೆ ಆಗದು. ಕಡುನೀಲಿ ಪುಷ್ಯರಾಗ ಅಂತ ಮಾರುವ ಟೋಪಾಜ್‌ಗೆ ಆ ಬಣ್ಣ ಬಂದದ್ದು ವಿಕಿರಣದಿಂದ. ಗಾರ್ನೆಟ್‌ಗೆ ಸಾಮಾನ್ಯವಾಗಿ ಏನೂ ಮಾಡುವುದಿಲ್ಲ. ಕಣ್ಣು ಪಳಗಿಸುವುದಕ್ಕೆ ಅಂಥದ್ದೇ ಬೇಕು. ತಪ್ಪು ಮಾಡಿದರೂ ಎರಡು ಮೂರು ಸಾವಿರದಲ್ಲಿ ಮುಗಿಯುತ್ತದೆ. ದುಬಾರಿಯದಕ್ಕೆ ಲ್ಯಾಬ್ ರಿಪೋರ್ಟ್ ಇಲ್ಲದೆ ಕೈ ಹಾಕಬೇಡಿ. ಆದರೆ ರಿಪೋರ್ಟ್ ಹೇಳುವುದು ಇದು ಇಂಥ ಕಲ್ಲು, ಇದಕ್ಕೆ ಇಂತಿಂಥದ್ದು ಮಾಡಿದ್ದಾರೆ ಅಂತ. ಕಳೆ ಇದೆಯಾ ಅಂತ ಅದರಲ್ಲಿ ಕಾಲಂ ಇರುವುದಿಲ್ಲ.

ಫೋನಿನಲ್ಲಿ ಫೋಟೋ ನೋಡಿ ತರಿಸುವವರಿಗೂ ಅಷ್ಟೇ. ಫೋನಿನ ಕ್ಯಾಮರಾ ತನಗೆ ತೋಚಿದ ಬಣ್ಣ ಹಾಕುತ್ತದೆ. ನೆರಳಲ್ಲಿ, ಬರಿ ಬೆರಳಲ್ಲಿ ಹಿಡಿದು ತಿರುಗಿಸುವ ವಿಡಿಯೋ ಕೇಳಿ. ಬೆರಳಿನ ಬಣ್ಣ ಬೆರಳಿನ ಹಾಗಿದ್ದರೆ ಹರಳನ್ನೂ ಸ್ವಲ್ಪ ನಂಬಬಹುದು. ವಾಪಸ್ ಕೊಡಲು ಎಷ್ಟು ದಿನ ಇದೆ ಅಂತ ದುಡ್ಡು ಕಳಿಸುವ ಮುಂಚೆಯೇ ಕೇಳಿ.

ಹರಳು ತಗೊಂಡು ಮೈಸೂರಿಗೆ ಹೋದೆ. ಆಚಾರ್ರು ಈ ಸಲ ಕಲ್ಲನ್ನೇ ಮೊದಲು ನೋಡಿದರು. ಕನ್ನಡಕ ಹಣೆಗೇರಿಸಿ, ಕಿಟಕಿಗೆ ಹಿಡಿದು, ಎರಡು ಸಲ ತಿರುಗಿಸಿ, "ಪರವಾಗಿಲ್ಲ" ಅಂದರು. ಅವರ ಬಾಯಲ್ಲಿ ಪರವಾಗಿಲ್ಲ ಅಂದರೆ ಬಹಳ ಆಯಿತು.

"ಹಿಂದೆ ತಗಡು ಹಾಕ್ಲಾ ಅಮ್ಮ?"

"ಬೇಡ ಆಚಾರ್ರೇ, ತೆರೆದೇ ಇರ್ಲಿ."

ಓಲೆಯೂ ಸಿದ್ಧವಾಗಿತ್ತು. ಹೊಸ ತಗಡಿನ ಮೇಲೆ ಏಳೂ ಒಂದೇ ಕೆಂಪು. ಮಷೀನ್ ಕಲ್ಲು ಯಾವುದು ಅಂತ ಹುಡುಕಿದೆ, ಗೊತ್ತಾಗಲಿಲ್ಲ. ಅಮ್ಮ ಹುಡುಕಲೂ ಇಲ್ಲ, ಹಾಕಿಕೊಂಡು ಕನ್ನಡಿ ನೋಡಿಕೊಂಡಳು.

ಹೊರಡುವಾಗ ಆ ಕಪ್ಪು ಗಾರ್ನೆಟ್ ಕೂಡ ತೆಗೆದು ತೋರಿಸಿದೆ. ತಳ ಕೊರೆಸಿದರೆ ಬೆಳಕು ಬರುತ್ತದೆ, ಒಂದು ಕ್ಯಾರೆಟ್ ಹೋಗುತ್ತದೆ, ಸಾಣೆಯ ಕೂಲಿ ಕಲ್ಲಿನ ಬೆಲೆಗಿಂತ ಜಾಸ್ತಿ ಆದೀತು ಅಂದರು ಆಚಾರ್ರು. ವಾಪಸ್ ತಂದೆ. ಈಗ ಅದು ಮಗಳ ಪೆನ್ಸಿಲ್ ಡಬ್ಬಿಯಲ್ಲಿದೆ. ಕರೆಂಟ್ ಹೋದಾಗ ನನ್ನ ಫೋನಿನ ಟಾರ್ಚ್ ಮೇಲೆ ಇಟ್ಟುಕೊಂಡು, ಅಡುಗೆಮನೆ ಗೋಡೆಯ ಮೇಲೆ ಕೆಂಪು ಚುಕ್ಕೆ ಓಡಿಸುತ್ತಾಳೆ.